80 ಕಾಲಂಗಳ ಋಣ: ಕೋಡ್ ಬರೆಯುವ ಶೈಲಿ ಬೆಳೆದು ಬಂದ ಬಗೆ

ಐಬಿಎಂ ಕಂಪನಿ 80 ಕಾಲಂಗಳ ಪಂಚ್ ಕಾರ್ಡನ್ನು ಹೊರತಂದದ್ದು 1928ರಲ್ಲಿ. ಇಂದಿನ ಅರ್ಥದ ಕಂಪ್ಯೂಟರ್ ಆಗ ಹುಟ್ಟಿರಲಿಲ್ಲ. ವ್ಯಾಪಾರದ ಲೆಕ್ಕ, ವಿಮೆ, ಜನಗಣತಿಯಂಥ ಕೆಲಸಗಳಿಗೆ ರಟ್ಟಿನ ಕಾರ್ಡಿನ ತೂತುಗಳನ್ನು ಎಣಿಸುವ ಯಂತ್ರಗಳಷ್ಟೇ ಇದ್ದವು. ಅದಕ್ಕೂ ಹಿಂದಿನ ಕಾರ್ಡಿನಲ್ಲಿ ದುಂಡು ತೂತುಗಳ 45 ಕಾಲಂಗಳಿದ್ದವು. ತೂತನ್ನು ಕಿರಿದಾದ ಆಯತವಾಗಿ ಮಾಡಿದಾಗ ಅದೇ ಅಳತೆಯ ಕಾರ್ಡಿನಲ್ಲಿ 80 ಹಿಡಿದವು. ಕೋಡ್‌ನ ಒಂದು ಸಾಲು 80 ಅಕ್ಷರ ಮೀರಕೂಡದೆಂದು ಇಂದಿಗೂ ಎಷ್ಟೋ ಸಾಫ್ಟ್‌ವೇರ್ ತಂಡಗಳು ನಿಯಮ ಇಟ್ಟುಕೊಂಡಿವೆ. ಕಣ್ಣಿನ ಆಯಾಸ, ಓದುವ ವೇಗ ಮುಂತಾದ ಕಾರಣಗಳನ್ನು ಆಮೇಲೆ ಹುಡುಕಿ ಕೊಟ್ಟವರು ಬಹಳ ಮಂದಿ. ಸಂಖ್ಯೆ ಮಾತ್ರ ಬಂದದ್ದು ಆ ರಟ್ಟಿನಿಂದಲೇ.

ಜಾನ್ ಬ್ಯಾಕಸ್ ಅವರ ತಂಡ 1957ರಲ್ಲಿ ಐಬಿಎಂ 704 ಯಂತ್ರಕ್ಕಾಗಿ ಫೋರ್ಟ್ರಾನ್ ಭಾಷೆಯನ್ನು ಬಿಡುಗಡೆ ಮಾಡಿತು. ಅಲ್ಲಿ ಒಂದು ಸಾಲು ಎಂದರೆ ಒಂದು ಕಾರ್ಡು. ಮೊದಲ 5 ಕಾಲಂ ಸಾಲಿನ ಗುರುತು ಸಂಖ್ಯೆಗೆ. 6ನೆಯದು, ಇದು ಹಿಂದಿನ ಕಾರ್ಡಿನ ಮುಂದುವರಿಕೆ ಎಂದು ತಿಳಿಸುವುದಕ್ಕೆ. 7ರಿಂದ 72ರವರೆಗೆ ಆದೇಶ. 704ರ ಕಾರ್ಡ್ ರೀಡರ್ ತೂತುಗಳ ಪ್ರತಿ ಅಡ್ಡಸಾಲನ್ನೂ 36 ಬಿಟ್‌ಗಳ ಎರಡು ತುಂಡಾಗಿ ಓದುತ್ತಿದ್ದುದರಿಂದ 72ರ ಆಚೆಗಿನದು ಅದಕ್ಕೆ ಕಾಣುತ್ತಲೇ ಇರಲಿಲ್ಲ. ಉಳಿದ 8 ಕಾಲಂಗಳಲ್ಲಿ ಕ್ರಮಸಂಖ್ಯೆ ಕೊರೆಯುವ ರೂಢಿ ಬಂತು. ಕಾರ್ಡಿನ ಕಟ್ಟು ಕೈಜಾರಿ ನೆಲಕ್ಕೆ ಚೆಲ್ಲಿದರೆ, ವಿಂಗಡಿಸುವ ಯಂತ್ರಕ್ಕೆ ಹಾಕಿ ಮತ್ತೆ ಸಾಲುಗೂಡಿಸಲು ಆ ಸಂಖ್ಯೆಯೇ ಆಧಾರ.

ಹೀಗೆ ಸಾಲಿನ ರೂಪದ ಬಗ್ಗೆ ಬಿಗಿಯಾಗಿದ್ದ ಫೋರ್ಟ್ರಾನ್ ಸಾಲಿನ ಒಳಗಿನ ಖಾಲಿ ಜಾಗದ ಬಗ್ಗೆ ಪೂರ್ತಿ ಸಡಿಲ. ಪದಗಳ ನಡುವಿನ ಸ್ಪೇಸ್‌ಗಳನ್ನು ಕಂಪೈಲರ್ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಲೂಪ್ ಆರಂಭಿಸುವ ‘ಡು’ ಸಾಲಿನಲ್ಲಿ ಅಲ್ಪವಿರಾಮದ ಬದಲು ಚುಕ್ಕೆ ಬಿದ್ದರೆ ಕಂಪೈಲರ್ ಇಡೀ ಸಾಲಿನ ಅಕ್ಷರಗಳನ್ನು ಕೂಡಿಸಿ ಓದಿ, ಹೊಸದೊಂದು ವೇರಿಯಬಲ್‌ಗೆ ದಶಮಾಂಶ ಸಂಖ್ಯೆ ತುಂಬಿ ಸುಮ್ಮನಾಗುತ್ತಿತ್ತು. ಲೂಪ್ ನಡೆಯುತ್ತಲೇ ಇರಲಿಲ್ಲ, ತಪ್ಪೆಂಬ ಸೂಚನೆಯೂ ಬರುತ್ತಿರಲಿಲ್ಲ. ಮನುಷ್ಯ ಓದುವುದು ಒಂದು, ಯಂತ್ರ ಓದುವುದು ಇನ್ನೊಂದು ಎಂಬ ಈ ತೊಡಕು ಮುಂದಿನ 60 ವರ್ಷಗಳ ಶೈಲಿಯ ಚರ್ಚೆಯಲ್ಲೆಲ್ಲ ಬೇರೆಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ.

ವ್ಯವಹಾರದ ಕೆಲಸಕ್ಕೆಂದು ಬಂದ ಕೋಬಾಲ್ ಕೂಡ ಕಾರ್ಡಿನ ಗಡಿಗಳನ್ನೇ ಭಾಷೆಯ ನಿಯಮ ಮಾಡಿಕೊಂಡಿತು. 8ರಿಂದ 11ರವರೆಗಿನ ಕಾಲಂ ‘ಎ’ ವಲಯ, 12ರಿಂದ 72ರವರೆಗೆ ‘ಬಿ’ ವಲಯ. ಅಧ್ಯಾಯದ ಶೀರ್ಷಿಕೆಗಳಂಥವು ಮೊದಲನೆಯದರಲ್ಲಿ, ಸಾಮಾನ್ಯ ವಾಕ್ಯಗಳು ಎರಡನೆಯದರಲ್ಲಿ. ಕಾರ್ಡುಗಳು ಮೂಲೆ ಸೇರಿದ ಎಷ್ಟೋ ವರ್ಷಗಳ ಮೇಲೆ, 1990ರ ದಶಕದ ಕೊನೆಯಲ್ಲಿ, ವೈ2ಕೆ ದೋಷ ತಿದ್ದುವ ಕೆಲಸ ಹಿಡಿದ ಬೆಂಗಳೂರಿನ ಪ್ರೋಗ್ರಾಮರುಗಳು ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳ ಹಳೆಯ ಕೋಬಾಲ್ ಕಡತಗಳಲ್ಲಿ ಇವೇ ಕಾಲಂಗಳನ್ನು ಎಣಿಸುತ್ತ ಕುಳಿತಿದ್ದರು.

ಕಾಲಂಗಳ ಕಟ್ಟಿನಿಂದ ಕೋಡನ್ನು ಬಿಡಿಸಿದ್ದು ಆಲ್ಗಾಲ್ 60. ಯುರೋಪು, ಅಮೆರಿಕದ ವಿದ್ವಾಂಸರು ಸೇರಿ ರೂಪಿಸಿದ ಈ ಭಾಷೆಯಲ್ಲಿ ಸಾಲು ಎಲ್ಲಿ ಮುರಿದರೂ ಕಂಪೈಲರ್‌ಗೆ ವ್ಯತ್ಯಾಸವಿಲ್ಲ. ‘ಬಿಗಿನ್’ ಮತ್ತು ‘ಎಂಡ್’ ಎಂಬ ಎರಡು ಪದಗಳ ನಡುವೆ ಎಷ್ಟು ಆದೇಶಗಳನ್ನಾದರೂ ಒಂದು ಬ್ಲಾಕ್ ಆಗಿ ಕಟ್ಟಬಹುದು, ಬ್ಲಾಕಿನೊಳಗೆ ಬ್ಲಾಕ್ ಇಡಬಹುದು. ಭಾಷೆಯ ವರದಿ ಇನ್ನೊಂದು ವಿವೇಕವನ್ನೂ ತೋರಿತು: ವ್ಯಾಖ್ಯಾನಕ್ಕೆ ಒಂದು ಲಿಪಿರೂಪ, ಮುದ್ರಣಕ್ಕೆ ಇನ್ನೊಂದು, ಯಂತ್ರಕ್ಕೆ ಮತ್ತೊಂದು ಎಂದು ಮೂರನ್ನು ಬೇರೆ ಮಾಡಿತು. ಅಮೆರಿಕದ ಎಸಿಎಂ ಸಂಸ್ಥೆಯ ಪತ್ರಿಕೆ 1960ರಿಂದ ಆಲ್ಗಾಲ್‌ನಲ್ಲಿ ಬರೆದ ಲೆಕ್ಕವಿಧಾನಗಳನ್ನು ಅಚ್ಚು ಹಾಕತೊಡಗಿತು. ಪ್ರೋಗ್ರಾಂ ಎಂಬುದು ಯಂತ್ರಕ್ಕೆ ತಿನ್ನಿಸುವ ಕಟ್ಟು ಮಾತ್ರವಲ್ಲ, ಇನ್ನೊಬ್ಬ ಮನುಷ್ಯ ಕುಳಿತು ಓದುವ ಬರಹ ಎಂಬ ಭಾವನೆ ಗಟ್ಟಿಯಾದದ್ದು ಈ ಪುಟಗಳಿಂದ. ಬ್ಲಾಕಿನ ಆಳಕ್ಕೆ ತಕ್ಕಂತೆ ಸಾಲನ್ನು ಒಳಕ್ಕೆ ಸರಿಸಿ ಬರೆಯುವ, ಈಗ ಎಲ್ಲರೂ ಇಂಡೆಂಟ್ ಎನ್ನುವ ಪದ್ಧತಿಗೆ ನೆಲೆ ಸಿಕ್ಕಿದ್ದೂ ಇಂಥ ಭಾಷೆಗಳಲ್ಲೇ. ಕಂಪೈಲರ್ ಅದನ್ನು ಕೇಳಿರಲಿಲ್ಲ, ಓದುಗನಿಗೆ ಬೇಕಿತ್ತು.

ಸ್ವಾತಂತ್ರ್ಯ ಸಿಕ್ಕ ಮೇಲೆ ಪ್ರತಿಯೊಬ್ಬರೂ ತಮಗೆ ತೋಚಿದ ಹಾಗೆ ಬರೆಯತೊಡಗಿದರು. ಅದನ್ನು ಯಂತ್ರವೇ ಒಪ್ಪ ಮಾಡಲಿ ಎಂಬ ಯೋಚನೆ ಬರಲು ತಡವಾಗಲಿಲ್ಲ. ಆವರಣಗಳ ಮೇಲೆ ಆವರಣ ಪೇರಿಸುವ ಲಿಸ್ಪ್ ಭಾಷೆಗೆ ಇದರ ಅಗತ್ಯ ಎಲ್ಲರಿಗಿಂತ ಹೆಚ್ಚಿತ್ತು. ಎಂಐಟಿಯಲ್ಲಿ ಬಿಲ್ ಗಾಸ್ಪರ್ 1960ರ ದಶಕದಲ್ಲೇ ಲಿಸ್ಪ್ ಕೋಡನ್ನು ಅಂದವಾಗಿ ಜೋಡಿಸಿ ಮುದ್ರಿಸುವ ಪ್ರೋಗ್ರಾಂ ಬರೆದರು. ಐರಾ ಗೋಲ್ಡ್‌ಸ್ಟೀನ್ 1973ರಲ್ಲಿ ಈ ವಿಧಾನದ ಮೇಲೆ ಪ್ರಬಂಧ ಬರೆದರು. ಪಿಎಲ್/1 ಭಾಷೆಗೆ 1970ರಲ್ಲಿ ‘ನೀಟರ್2’ ಎಂಬುದು ಬಂತು. ಡೆರೆಕ್ ಆಪನ್ 1980ರಲ್ಲಿ ಪ್ರಕಟಿಸಿದ ವಿಧಾನ, ಯಾವ ಭಾಷೆಗಾದರೂ ಹೊಂದುವ, ಒಂದೇ ಓಟದಲ್ಲಿ ಮುಗಿಯುವ ಲೆಕ್ಕವಾಗಿತ್ತು. ಅಂದರೆ ತಂತ್ರ 1980ರ ಹೊತ್ತಿಗೆ ಸಿದ್ಧವಾಗಿತ್ತು. ಅದು ದಿನಬಳಕೆಗೆ ಬರಲು ಇನ್ನೂ 30 ವರ್ಷ ಹಿಡಿಯಿತು. ತಂತ್ರ ಇದ್ದೂ ಬಳಕೆ ಬರದ ಆ 30 ವರ್ಷಗಳೇ ಈ ಇತಿಹಾಸದ ಸ್ವಾರಸ್ಯದ ಭಾಗ.

ಅಷ್ಟರಲ್ಲಿ ಗಮನ ಬೇರೆ ಕಡೆಗೆ ಹರಿದಿತ್ತು. ಎಡ್ಸ್‌ಗರ್ ಡೈಕ್‌ಸ್ಟ್ರಾ 1968ರ ಮಾರ್ಚ್‌ನಲ್ಲಿ ಎಸಿಎಂ ಪತ್ರಿಕೆಗೆ ಬರೆದ ಪತ್ರದಲ್ಲಿ, ‘ಗೋಟು’ ಆದೇಶದಿಂದ ಪ್ರೋಗ್ರಾಂ ಎಲ್ಲೆಲ್ಲಿಗೋ ಜಿಗಿಯುವುದನ್ನು ಖಂಡಿಸಿದರು. ಕೋಡ್‌ನ ಸಾಲುಗಳ ಕ್ರಮಕ್ಕೂ ಅದು ನಡೆಯುವ ಕ್ರಮಕ್ಕೂ ಇರುವ ದೂರ ಆದಷ್ಟು ಕಡಿಮೆಯಾಗಬೇಕು ಎಂಬುದು ಅವರ ವಾದದ ತಿರುಳು. ಜಿಗಿತಗಳಿಂದ ತುಂಬಿದ ಕೋಡನ್ನು ಎಷ್ಟು ಚೆಂದವಾಗಿ ಇಂಡೆಂಟ್ ಮಾಡಿದರೂ ಉಪಯೋಗವಿಲ್ಲ. ರಚನೆ ಇದ್ದರೆ ತಾನೇ ಅದನ್ನು ತೋರಿಸುವುದು? ಜೆರಾಲ್ಡ್ ವೈನ್‌ಬರ್ಗ್ 1971ರ ತಮ್ಮ ಪುಸ್ತಕದಲ್ಲಿ, ಪ್ರೋಗ್ರಾಮರ್ ತನ್ನ ಕೋಡನ್ನು ಸ್ವಂತ ಆಸ್ತಿಯಂತೆ ಕಾಯದೆ ಸಹೋದ್ಯೋಗಿಗಳ ಮುಂದೆ ಓದಲು ಇಡಬೇಕೆಂದರು. ಬ್ರಯಾನ್ ಕರ್ನಿಗನ್ ಮತ್ತು ಪಿ. ಜೆ. ಪ್ಲಾಗರ್ 1974ರಲ್ಲಿ ಪ್ರೋಗ್ರಾಮಿಂಗ್ ಶೈಲಿಯ ಮೇಲೆಯೇ ಒಂದು ಪುಟ್ಟ ಪುಸ್ತಕ ತಂದರು. ಅವರು ಕೆಟ್ಟ ಕೋಡ್‌ನ ಮಾದರಿಗಳನ್ನು ತಾವೇ ಕಟ್ಟಲಿಲ್ಲ. ಅಚ್ಚಾದ ಪಠ್ಯಪುಸ್ತಕಗಳಿಂದಲೇ ಎತ್ತಿ, ಒಂದೊಂದನ್ನೂ ತಿದ್ದಿ ಬರೆದು ತೋರಿಸಿದರು. ಪಾಠ ಹೇಳುವವರ ಕೈಬರಹವೇ ಹೀಗಿದ್ದರೆ ಉಳಿದವರ ಗತಿಯೇನು ಎಂಬುದು ಬೇರೆ ಹೇಳಬೇಕಾಗಿರಲಿಲ್ಲ.

ಅದೇ ಕರ್ನಿಗನ್, ಡೆನಿಸ್ ರಿಚಿ ಜೊತೆ 1978ರಲ್ಲಿ ಸಿ ಭಾಷೆಯ ಪುಸ್ತಕ ಬರೆದರು. ‘ಬಿಗಿನ್’, ‘ಎಂಡ್’ ಪದಗಳ ಜಾಗದಲ್ಲಿ ಸಿ ಭಾಷೆಗಿದ್ದುದು ಬ್ರೇಸ್ ಎನ್ನುವ ಸುರುಳಿ ಆವರಣದ ಜೋಡಿ. ತೆರೆಯುವ ಬ್ರೇಸ್ ‘ಇಫ್’ ಸಾಲಿನ ತುದಿಯಲ್ಲೇ ಕೂರಬೇಕೋ, ಕೆಳಗಿನ ಸಾಲಿನಲ್ಲಿ ಒಂಟಿಯಾಗಿ ನಿಲ್ಲಬೇಕೋ? ಪುಸ್ತಕದ ಲೇಖಕರು ಸಾಲಿನ ತುದಿಯನ್ನು ಆರಿಸಿಕೊಂಡರು, ಆದರೆ ಇದು ಅಷ್ಟು ಮುಖ್ಯವಲ್ಲ, ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಿ ಎಂಬ ಅರ್ಥದ ಮಾತನ್ನೂ ಸೇರಿಸಿದರು. ಆ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಬಿಎಸ್‌ಡಿ ಯೂನಿಕ್ಸ್‌ಗೆ ಹಲವು ಪ್ರೋಗ್ರಾಂಗಳನ್ನು ಬರೆದ ಎರಿಕ್ ಆಲ್‌ಮನ್ ಬ್ರೇಸಿಗೆ ಬೇರೆ ಸಾಲು ಕೊಟ್ಟರು. ತೆರೆಯುವುದು, ಮುಚ್ಚುವುದು ಒಂದೇ ಲಂಬರೇಖೆಯಲ್ಲಿ ಬರುತ್ತವೆಂಬುದು ಆ ಪಕ್ಷದ ವಾದ. 24 ಸಾಲುಗಳಷ್ಟೇ ಹಿಡಿಯುವ ಪರದೆಯಲ್ಲಿ ಒಂದು ಸಾಲನ್ನು ಬರೀ ಬ್ರೇಸಿಗೆ ಬಿಟ್ಟುಕೊಡುವುದು ದುಂದು ಎಂಬುದು ಎದುರುಪಕ್ಷದ್ದು. ರಿಚರ್ಡ್ ಸ್ಟಾಲ್‌ಮನ್ ಅವರ ಗ್ನೂ ಯೋಜನೆ ಬ್ರೇಸನ್ನೂ 2 ಸ್ಪೇಸ್ ಒಳಕ್ಕೆ ತಳ್ಳಿ ಮೂರನೆಯ ದಾರಿ ಹಿಡಿಯಿತು. ಅದರ ಇನ್ನೊಂದು ನಿಯಮ, ಫಂಕ್ಷನ್‌ನ ಹೆಸರು ಸಾಲಿನ ಮೊದಲ ಕಾಲಂನಲ್ಲೇ ಶುರುವಾಗಬೇಕು ಎಂಬುದು, ವಿಚಿತ್ರವಾಗಿ ಕಂಡರೂ ಪ್ರಾಯೋಗಿಕ: ಯಾವ ಫಂಕ್ಷನ್ ಎಲ್ಲಿದೆ ಎಂದು ಹುಡುಕುವ ಪ್ರೋಗ್ರಾಂಗಳಿಗೆ ಕೆಲಸ ಹಗುರಾಗುತ್ತದೆ.

ಕರ್ನಿಗನ್–ರಿಚಿ ಶೈಲಿಯಲ್ಲೇ ಒಂದು ಅಪವಾದವಿದೆ. ‘ಇಫ್’, ‘ವೈಲ್’ಗಳ ಬ್ರೇಸ್ ಸಾಲಿನ ತುದಿಯಲ್ಲಿದ್ದರೆ ಫಂಕ್ಷನ್‌ನ ಬ್ರೇಸ್ ಮಾತ್ರ ಹೊಸ ಸಾಲಿನಲ್ಲಿ. ಹಳೆಯ ಸಿ ಭಾಷೆಯಲ್ಲಿ ಫಂಕ್ಷನ್‌ನ ಹೆಸರಿಗೂ ಅದರ ಬ್ರೇಸಿಗೂ ನಡುವೆ ಪ್ಯಾರಾಮೀಟರುಗಳ ವಿವರಣೆ ಬೇರೆ ಸಾಲುಗಳಲ್ಲಿ ಬರುತ್ತಿತ್ತು, ಹಾಗಾಗಿ ಬ್ರೇಸ್ ಕೆಳಗಿಳಿಯದೆ ವಿಧಿಯಿರಲಿಲ್ಲ. ಭಾಷೆ ಬದಲಾಗಿ ಆ ಸಾಲುಗಳು ಮಾಯವಾದವು. ಬ್ರೇಸ್ ಕೆಳಗೇ ಉಳಿಯಿತು.

ಸ್ಪೇಸೋ ಟ್ಯಾಬೋ ಎಂಬ ಜಗಳಕ್ಕೂ ಇಂಥದೇ ಹಿನ್ನೆಲೆ. ಟ್ಯಾಬ್ ಟೈಪ್‌ರೈಟರಿನಿಂದ ಟೆಲಿಟೈಪಿಗೆ, ಅಲ್ಲಿಂದ ಯೂನಿಕ್ಸ್‌ಗೆ ಬಂದು 8 ಕಾಲಂಗಳ ಜಿಗಿತವೆಂದು ನೆಲೆಯಾಯಿತು. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದ ‘ಮೇಕ್’ ಎಂಬ ಸಲಕರಣೆಯಲ್ಲಿ ಆದೇಶದ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕು. ನೋಡಲು ಅದರಂತೆಯೇ ಇರುವ 8 ಸ್ಪೇಸ್ ಹಾಕಿದರೆ ನಡೆಯದು. ಇದು ಸರಿಯಿಲ್ಲವೆಂದು ಅವರಿಗೆ ಬೇಗನೆ ಹೊಳೆದಿತ್ತಂತೆ. ಆಗಲೇ ಹತ್ತು ಹನ್ನೆರಡು ಮಂದಿ ಅದನ್ನು ಬಳಸುತ್ತಿದ್ದರು, ಅವರಿಗೆ ತೊಂದರೆ ಕೊಡಬಾರದೆಂದು ಹಾಗೇ ಬಿಟ್ಟರು. ಆ ಸಂಕೋಚದ ಫಲವನ್ನು ಅರ್ಧ ಶತಮಾನದಿಂದ ಪ್ರತಿ ಹೊಸ ಕಲಿಕೆಗಾರನೂ ಉಣ್ಣುತ್ತಿದ್ದಾನೆ.

ಹೆಸರುಗಳ ಶೈಲಿಯಲ್ಲೂ ಕೀಲಿಮಣೆಯ ಚರಿತ್ರೆ ಅಡಗಿದೆ. 1963ರ ಆಸ್ಕಿ ಪಟ್ಟಿಯಲ್ಲಿ ಚಿಕ್ಕಕ್ಷರಗಳಾಗಲಿ ಅಂಡರ್‌ಸ್ಕೋರ್ ಆಗಲಿ ಇರಲಿಲ್ಲ. ಅಂಡರ್‌ಸ್ಕೋರ್ ಈಗಿರುವ ಜಾಗದಲ್ಲಿ ಎಡಕ್ಕೆ ತಿರುಗಿದ ಬಾಣವಿತ್ತು. 1967ರ ಪರಿಷ್ಕರಣೆಯಲ್ಲಿ ಎರಡೂ ಬಂದವು. ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಸ್ಮಾಲ್‌ಟಾಕ್ ಆ ಹಳೆಯ ಬಾಣವನ್ನು ಬೆಲೆ ತುಂಬುವ ಚಿಹ್ನೆಯಾಗಿ ಉಳಿಸಿಕೊಂಡಿತ್ತು. ಪದಗಳನ್ನು ಅಂಡರ್‌ಸ್ಕೋರಿನಿಂದ ಬೆಸೆಯುವ ದಾರಿ ಅಲ್ಲಿ ಮುಚ್ಚಿದ್ದರಿಂದ ಪ್ರತಿ ಪದದ ಮೊದಲಕ್ಷರವನ್ನು ದೊಡ್ಡದಾಗಿಸಿ ಕೂಡಿಸುವ ರೂಢಿ ಬೆಳೆಯಿತು. ಅದೇ ಮುಂದೆ ಜಾವಾದಂಥ ಭಾಷೆಗಳ ವಾಡಿಕೆಯಾಯಿತು. ಸಿ ಮತ್ತು ಪೈಥಾನ್ ವಲಯ ಅಂಡರ್‌ಸ್ಕೋರನ್ನೇ ನೆಚ್ಚಿಕೊಂಡಿತು. ಚಾರ್ಲ್ಸ್ ಸಿಮೋನಿ ಅವರ ‘ಹಂಗೇರಿಯನ್’ ಪದ್ಧತಿಯಲ್ಲಿ ಹೆಸರಿನ ಹಿಂದೆ ಅದರ ಬಗೆಯನ್ನು ಸೂಚಿಸುವ ಅಕ್ಷರಗಳನ್ನು ಹಚ್ಚುತ್ತಿದ್ದರು. ಮೈಕ್ರೋಸಾಫ್ಟ್‌ನಲ್ಲಿ ಅದು ಬಹುಕಾಲ ಆಳಿತು. ಕೊನೆಗೆ ಅದೇ ಕಂಪನಿಯ ಡಾಟ್‌ನೆಟ್ ಮಾರ್ಗಸೂಚಿ ಅದನ್ನು ಬಳಸಬೇಡಿ ಎಂದಿತು.

ಇಷ್ಟೆಲ್ಲ ವಾದಕ್ಕೆ ಪುರಾವೆ ಇತ್ತೇ? ಸ್ವಲ್ಪ ಇತ್ತು. 1983ರಲ್ಲಿ ಬೆನ್ ಶ್ನೈಡರ್‌ಮನ್ ಮತ್ತು ಸಂಗಡಿಗರು ಒಂದೇ ಪ್ರೋಗ್ರಾಮನ್ನು 0, 2, 4, 6 ಸ್ಪೇಸ್ ಇಂಡೆಂಟ್‌ಗಳಲ್ಲಿ ಓದಿಸಿ ಪ್ರಶ್ನೆ ಕೇಳಿದರು. 2ರಿಂದ 4 ಸ್ಪೇಸ್ ಇದ್ದಾಗ ಓದುಗರಿಗೆ ಅರ್ಥವಾದದ್ದು ಹೆಚ್ಚು ಎಂದು ಕಂಡುಕೊಂಡರು. 2019ರಲ್ಲಿ ಕಣ್ಣಿನ ಚಲನೆಯನ್ನು ಅಳೆಯುವ ಉಪಕರಣದೊಂದಿಗೆ ಇದೇ ಬಗೆಯ ಪ್ರಯೋಗ ಮತ್ತೆ ನಡೆದಾಗ, ಇಂಡೆಂಟ್‌ನ ಪ್ರಮಾಣದಿಂದ ಗಣನೀಯ ವ್ಯತ್ಯಾಸವೇನೂ ಕಾಣಲಿಲ್ಲ. ಇಂಥ ಶೈಲಿಯೇ ಶ್ರೇಷ್ಠವೆಂದು ಘೋಷಿಸುವವರು ಈ ಎರಡನ್ನೂ ಒಟ್ಟಿಗೆ ನೋಡಬೇಕು. ಶೈಲಿಗೆ ನಿಜವಾಗಿ ಬೆಲೆ ತೆರುವಂತೆ ಮಾಡಿದ್ದು ಓದುವ ಕಣ್ಣಲ್ಲ, ಹಲವರು ಒಂದೇ ಕಡತವನ್ನು ತಿದ್ದುವ ಪರಿಸ್ಥಿತಿ.

ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ 1972ರಲ್ಲಿ ಕೋಡ್‌ನ ಆವೃತ್ತಿಗಳನ್ನು ಕಾಯ್ದಿಡುವ ಎಸ್‌ಸಿಸಿಎಸ್ ಕಟ್ಟಿದರು. ಅಲ್ಲಿಯೇ ಡಗ್ಲಸ್ ಮೆಕ್‌ಇಲ್‌ರಾಯ್, ಎರಡು ಕಡತಗಳ ವ್ಯತ್ಯಾಸ ತೋರಿಸುವ ‘ಡಿಫ್’ ಬರೆದರು. ಲ್ಯಾರಿ ವಾಲ್ 1985ರಲ್ಲಿ, ಆ ವ್ಯತ್ಯಾಸವನ್ನು ದೂರದ ಇನ್ನೊಬ್ಬನ ಕಡತಕ್ಕೆ ಅಂಟಿಸುವ ‘ಪ್ಯಾಚ್’ ಕೊಟ್ಟರು. ಮೂರಕ್ಕೂ ಮೂಲ ಘಟಕ ಸಾಲು. ಪದ ಬದಲಾದರೂ ಸ್ಪೇಸ್ ಬದಲಾದರೂ ಡಿಫ್‌ಗೆ ಇಡೀ ಸಾಲು ಬದಲಾದಂತೆ. ಒಬ್ಬ ಪ್ರೋಗ್ರಾಮರ್ ತನ್ನ ರುಚಿಗೆ ತಕ್ಕಂತೆ ಕಡತದ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿ, ಜೊತೆಗೆ ಒಂದು ಷರತ್ತನ್ನೂ ತಿದ್ದಿದನೆನ್ನಿ: ಪರಿಶೀಲಿಸುವವನ ಮುಂದೆ ಸಾವಿರ ಸಾಲುಗಳ ಬದಲಾವಣೆ ಬಂದು ಬೀಳುತ್ತದೆ. ಇಡೀ ಗೋಡೆಗೆ ಸುಣ್ಣ ಬಳಿದ ಮೇಲೆ ಬಿರುಕು ಎಲ್ಲಿ ಮುಚ್ಚಿದರು ಎಂದು ಹುಡುಕಿದಂತೆ, ನಿಜವಾದ ಆ ಒಂದು ಸಾಲನ್ನು ಅದರಲ್ಲಿ ಹುಡುಕಬೇಕು. ಇಬ್ಬರ ತಿದ್ದುಪಡಿಗಳನ್ನು ಕೂಡಿಸುವಾಗ ಬರಿಯ ಸ್ಪೇಸ್‌ಗಳು ಡಿಕ್ಕಿ ಹೊಡೆದು ಕೆಲಸ ನಿಲ್ಲುತ್ತದೆ. ಪಟ್ಟಿಯ ಕೊನೆಯ ಅಂಶದ ಮುಂದೆಯೂ ಅಲ್ಪವಿರಾಮ ಹಾಕುವ ರೂಢಿಗೆ ಕಾರಣವೂ ಇದೇ: ಮುಂದೆ ಒಂದು ಅಂಶ ಸೇರಿಸಿದಾಗ ಹಿಂದಿನ ಸಾಲನ್ನು ಮುಟ್ಟಬೇಕಾಗಿಲ್ಲ, ಡಿಫ್‌ನಲ್ಲಿ ಒಂದೇ ಸಾಲು ಕಾಣುತ್ತದೆ.

ಆದ್ದರಿಂದ ಊರೂರು ಬೇರೆಯಿದ್ದ ಜನ ಕೂಡಿ ಕಟ್ಟಿದ ಯೋಜನೆಗಳಿಗೆ ಲಿಖಿತ ನಿಯಮ ಬೇಕಾಯಿತು. ಗ್ನೂ ತನ್ನದನ್ನು ಪ್ರಕಟಿಸಿತ್ತು. ಲಿನಸ್ ಟೋರ್ವಾಲ್ಡ್ಸ್ 1990ರ ದಶಕದ ನಡುವೆ ಲಿನಕ್ಸ್ ಕರ್ನಲ್‌ಗೆಂದು ಬರೆದ ಶೈಲಿಸೂಚಿ, ಗ್ನೂ ನಿಯಮಗಳನ್ನು ಮುದ್ರಿಸಿಕೊಂಡು ಓದದೆ ಸುಟ್ಟುಬಿಡಿ ಎಂಬ ಸಲಹೆಯಿಂದಲೇ ಆರಂಭವಾಗುತ್ತದೆ. ಅವರದು 8 ಕಾಲಂಗಳ ಟ್ಯಾಬ್. ಅಷ್ಟು ಅಗಲ ಹಾಕಿದರೆ ಕೋಡ್ ಬಲಕ್ಕೆ ಓಡುತ್ತದಲ್ಲ ಎಂಬ ದೂರಿಗೆ, ಮೂರು ಹಂತಕ್ಕಿಂತ ಒಳಕ್ಕೆ ಹೋಗಬೇಕಾಗಿ ಬಂದರೆ ಕೋಡೇ ಕೆಟ್ಟಿದೆ ಎಂಬುದು ಅವರ ಉತ್ತರ. ಒರಟು ಮಾತಾದರೂ ಇದರಲ್ಲಿ ತಿರುಳಿದೆ: ಇಲ್ಲಿ ಇಂಡೆಂಟ್ ಅಲಂಕಾರವಲ್ಲ, ರಚನೆ ಹದ ಮೀರಿದಾಗ ಕೂಗುವ ಗಂಟೆ. ಸನ್ ಕಂಪನಿ 1997ರಲ್ಲಿ ಜಾವಾ ಭಾಷೆಯ ಬರವಣಿಗೆಯ ಕಟ್ಟಳೆಗಳನ್ನು ಪ್ರಕಟಿಸಿತು.

ಕಂಪನಿಗಳ ಒಳಗೆ ಇದಕ್ಕೆ ಇನ್ನೊಂದು ದಾರಿಯಿತ್ತು. ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ವಿವರಿಸಿದ, ತಪಾಸಣಾ ಪಟ್ಟಿ ಹಿಡಿದು ಸಭೆಯಲ್ಲಿ ಕೋಡ್ ಪರಿಶೀಲಿಸುವ ಪದ್ಧತಿ ಹರಡಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ರೂಪಿಸಿದ ಸಿಎಂಎಂ ಅಳತೆಗೋಲು 1990ರ ದಶಕದಲ್ಲಿ ಇಂಥ ಶಿಸ್ತಿಗೆ ದರ್ಜೆ ಕೊಡತೊಡಗಿತು. ಅದರ ಅತ್ಯುನ್ನತವಾದ ಐದನೆಯ ಹಂತ ಮುಟ್ಟಿದ ಮೊದಲ ಕೆಲವೇ ಸಂಸ್ಥೆಗಳಲ್ಲಿ ಬೆಂಗಳೂರಿನ ಮೋಟರೋಲಾ ಘಟಕವೂ ಒಂದು. ಹೊರದೇಶದ ಗ್ರಾಹಕರಿಗೆ ಕೋಡ್ ಬರೆದು ಒಪ್ಪಿಸುವ ಉದ್ಯಮದಲ್ಲಿ ಶೈಲಿಸೂಚಿ ಕರಾರಿನ ಭಾಗವಾಗುವುದು ಸಹಜವೇ. ಬರೆದವರು ಬಿಟ್ಟುಹೋಗುತ್ತಾರೆ, ಓದಿ ನಡೆಸಿಕೊಂಡು ಹೋಗುವವರು ಬೇರೆ ಖಂಡದಲ್ಲಿರುತ್ತಾರೆ.

ನಿಯಮ ಬರೆದಿಟ್ಟ ಮಾತ್ರಕ್ಕೆ ವಾದ ನಿಲ್ಲಲಿಲ್ಲ. ಅಣುಸ್ಥಾವರದ ಯೋಜನೆಗೆ ನಿಮಿಷಗಳಲ್ಲಿ ತಲೆಯಾಡಿಸುವ ಸಮಿತಿ ಸೈಕಲ್ ನಿಲ್ಲಿಸುವ ಚಪ್ಪರದ ಮೇಲೆ ಗಂಟೆಗಟ್ಟಲೆ ಚರ್ಚಿಸುತ್ತದೆ ಎಂದು ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1950ರ ದಶಕದಲ್ಲಿ ಅಣಕವಾಡಿದ್ದರು. ಫ್ರೀಬಿಎಸ್‌ಡಿ ಯೋಜನೆಯ ಪೌಲ್-ಹೆನಿಂಗ್ ಕ್ಯಾಂಪ್ 1999ರಲ್ಲಿ ತಮ್ಮ ಬಳಗದ ಕ್ಷುಲ್ಲಕ ಜಗಳಗಳಿಗೆ ಇದನ್ನೇ ಅನ್ವಯಿಸಿದ ಮೇಲೆ ‘ಬೈಕ್‌ಶೆಡ್’ ಎಂಬುದು ಪ್ರೋಗ್ರಾಮರುಗಳ ಬಾಯಲ್ಲಿ ಬೈಗುಳವಾಯಿತು. ಕೋಡ್ ಪರಿಶೀಲನೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಲೆಕ್ಕದ ಒಳಸುಳಿ ಅರ್ಥವಾಗದವನೂ ಬ್ರೇಸ್ ಬಗ್ಗೆ ಅಭಿಪ್ರಾಯ ಹೇಳಬಲ್ಲ.

ಈ ಜಗಳವನ್ನು ಭಾಷೆಯ ಒಳಗೇ ಮುಗಿಸಲು ಹೊರಟದ್ದು ಪೈಥಾನ್. ಇಂಡೆಂಟನ್ನೇ ವ್ಯಾಕರಣವಾಗಿಸುವ ಯೋಚನೆ ಪೀಟರ್ ಲ್ಯಾಂಡಿನ್ ಅವರ 1966ರ ಪ್ರಬಂಧದಲ್ಲಿತ್ತು. ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯ ಎಬಿಸಿ ಎಂಬ ಕಲಿಕಾ ಭಾಷೆ ಅದನ್ನು ಅಳವಡಿಸಿಕೊಂಡಿತ್ತು. ಎಬಿಸಿ ತಂಡದಲ್ಲಿದ್ದ ಗೀಡೊ ವಾನ್ ರಾಸಮ್ 1989ರ ಡಿಸೆಂಬರಿನಲ್ಲಿ ಪೈಥಾನ್ ಬರೆಯತೊಡಗಿದಾಗ ಅದನ್ನು ಜೊತೆಗೆ ತಂದರು. ಬ್ರೇಸ್ ಇಲ್ಲ, ಒಳಕ್ಕೆ ಸರಿದ ಸಾಲುಗಳೇ ಬ್ಲಾಕ್. ಮನುಷ್ಯ ನೋಡುವ ರಚನೆಯನ್ನೇ ಯಂತ್ರವೂ ನೋಡುತ್ತದೆ. ಭವಿಷ್ಯದ ಸೌಲಭ್ಯವಾಗಿ ಬ್ರೇಸ್ ಕೊಡು ಎಂದು ಪೈಥಾನನ್ನು ಕೇಳಿದರೆ, ಅದಕ್ಕೆ ಅವಕಾಶವೇ ಇಲ್ಲ ಎಂದು ಎರರ್ ಕೊಡುವ ತಮಾಷೆಯನ್ನೂ ಅದರೊಳಗೆ ಇಟ್ಟಿದ್ದಾರೆ. ಆದರೂ ಸಾಲಿನ ಉದ್ದ, ಖಾಲಿ ಸಾಲು, ಹೆಸರು ಇವೆಲ್ಲ ಉಳಿದೇ ಇದ್ದವು. 2001ರ ಜುಲೈನಲ್ಲಿ ಪೆಪ್ 8 ಎಂಬ ಶೈಲಿಸೂಚಿ ಬಂತು: 4 ಸ್ಪೇಸ್, ಸಾಲಿಗೆ 79 ಅಕ್ಷರ. ಕೋಡ್ ಬರೆಯುವುದಕ್ಕಿಂತ ಓದುವುದೇ ಹೆಚ್ಚು ಸಲ ಎಂಬುದು ಅದರ ತಳಹದಿ. ಏಕರೂಪತೆಯ ಹುಚ್ಚು ಹಿಡಿಸಿಕೊಳ್ಳಬೇಡಿ ಎಂಬ ಎಚ್ಚರಿಕೆಯೂ ಅದರ ಮೊದಲ ಭಾಗದಲ್ಲೇ ಇದೆ. ಅದನ್ನು ಪರೀಕ್ಷಿಸುವ ಪ್ರೋಗ್ರಾಂ ಒಂದು ಅದೇ ಹೆಸರಿನಲ್ಲಿ ಬಂದು, ಸಲಹೆಗಳನ್ನು ಕಾನೂನಿನಂತೆ ಜಾರಿ ಮಾಡತೊಡಗಿದಾಗ ಗೀಡೊ ಹೆಸರು ಬದಲಿಸುವಂತೆ ಕೇಳಿಕೊಂಡರು; 2016ರಿಂದ ಅದು ಪೈಕೋಡ್‌ಸ್ಟೈಲ್.

ಬ್ರೇಸ್ ಭಾಷೆಗಳಲ್ಲಿ ಕಣ್ಣಿಗೂ ಕಂಪೈಲರ್‌ಗೂ ಇರುವ ಅಂತರ ಎಷ್ಟು ದುಬಾರಿಯಾಗಬಹುದೆಂದು 2014ರ ಫೆಬ್ರವರಿಯಲ್ಲಿ ಲೋಕಕ್ಕೆ ತಿಳಿಯಿತು. ಆಪಲ್ ಸಾಧನಗಳ ಸುರಕ್ಷಿತ ಸಂಪರ್ಕದ ಕೋಡ್‌ನಲ್ಲಿ, ಬ್ರೇಸ್ ಇಲ್ಲದ ‘ಇಫ್’ ಕೆಳಗೆ ‘ಗೋಟು ಫೇಲ್’ ಎಂಬ ಸಾಲು ಎರಡು ಸಲ ಬಿದ್ದಿತ್ತು. ಇಂಡೆಂಟ್ ನೋಡಿದರೆ ಎರಡೂ ಷರತ್ತಿಗೆ ಒಳಪಟ್ಟಂತೆ ಕಾಣುತ್ತವೆ. ನಿಜದಲ್ಲಿ ಎರಡನೆಯದು ಷರತ್ತಿನ ಹೊರಗಿದ್ದು, ಪ್ರತಿ ಸಲವೂ ಜಿಗಿದು, ಸಹಿಯ ಪರೀಕ್ಷೆಯನ್ನೇ ತಪ್ಪಿಸುತ್ತಿತ್ತು. ನಕಲಿ ಸರ್ವರ್ ಕೂಡ ಅಸಲಿಯೆಂದು ದಾಟಿಕೊಳ್ಳಬಹುದಿತ್ತು. 2016ರ ಜಿಸಿಸಿ 6 ಕಂಪೈಲರ್, ದಾರಿತಪ್ಪಿಸುವ ಇಂಡೆಂಟ್ ಕಂಡರೆ ಎಚ್ಚರಿಸುವ ಸೌಲಭ್ಯದೊಂದಿಗೆ ಬಂತು.

ಕೊನೆಗೂ ಯಂತ್ರದ ಕೈಗೆ ಕೆಲಸ ಒಪ್ಪಿಸಿದ್ದು ಗೋ ಭಾಷೆ. ಬಿಎಸ್‌ಡಿಯ ‘ಇಂಡೆಂಟ್’ ಪ್ರೋಗ್ರಾಂ ಬಹಳ ಹಿಂದೆಯೇ ಸಿ ಕೋಡನ್ನು ಜೋಡಿಸಿ ಕೊಡುತ್ತಿತ್ತು, ಆದರೆ ಹತ್ತಾರು ಆಯ್ಕೆಗಳ ಜೊತೆ. ಬ್ರೇಸ್ ಎಲ್ಲಿರಬೇಕೆಂದು ಜಗಳವಾಡುತ್ತಿದ್ದವರು ಈಗ ಯಾವ ಆಯ್ಕೆ ಹಾಕಬೇಕೆಂದು ಜಗಳವಾಡಿದರು. 30 ವರ್ಷ ವ್ಯರ್ಥವಾದದ್ದು ಇಲ್ಲೇ ಎನ್ನಬೇಕು. ಗೂಗಲ್ 2009ರ ನವೆಂಬರಿನಲ್ಲಿ ಗೋ ಭಾಷೆಯನ್ನು ಪ್ರಕಟಿಸಿದಾಗ ಜೊತೆಗೇ ಬಂದ, ರಾಬರ್ಟ್ ಗ್ರೀಸೆಮರ್ ಬರೆದ ‘ಗೋಫಂಟ್’ ಶೈಲಿಯ ವಿಷಯದಲ್ಲಿ ಆಯ್ಕೆಯನ್ನೇ ಕೊಡಲಿಲ್ಲ. ಇಂಡೆಂಟ್‌ಗೆ ಟ್ಯಾಬ್, ಬ್ರೇಸ್ ಸಾಲಿನ ತುದಿಯಲ್ಲಿ. ಸಾಲಿನ ಕೊನೆಯಲ್ಲಿ ಸೆಮಿಕೋಲನ್ ತಾನಾಗಿ ಸೇರುವ ಭಾಷೆಯ ನಿಯಮದಿಂದಾಗಿ ಬ್ರೇಸನ್ನು ಕೆಳಗಿಳಿಸಿದರೆ ಕೋಡ್ ಕಂಪೈಲ್ ಆಗುವುದೂ ಇಲ್ಲ. ಸಾಲಿನ ಉದ್ದಕ್ಕೆ ಮಾತ್ರ ಮಿತಿಯಿಲ್ಲ. ಆ ಶೈಲಿ ಯಾರಿಗೂ ಅಚ್ಚುಮೆಚ್ಚಲ್ಲ, ಆ ಸಲಕರಣೆ ಎಲ್ಲರಿಗೂ ಅಚ್ಚುಮೆಚ್ಚು ಎಂಬರ್ಥದ ಮಾತನ್ನು ಗೋ ಭಾಷೆಯ ಇನ್ನೊಬ್ಬ ಕರ್ತೃ ರಾಬ್ ಪೈಕ್ ಹೇಳಿದ್ದಾರೆ.

ಅಲ್ಲಿಂದ ಮುಂದೆ ಇಂಥ ಫಾರ್ಮ್ಯಾಟರುಗಳು ಸಾಲುಗಟ್ಟಿ ಬಂದವು. ಸಿ++ ಲೋಕಕ್ಕೆ 2013ರ ಸುಮಾರಿಗೆ ಕ್ಲ್ಯಾಂಗ್-ಫಾರ್ಮ್ಯಾಟ್ ಬಂತು. ಸಾಲನ್ನು ಎಲ್ಲಿ ಮುರಿದರೆ ಎಷ್ಟು ದಂಡ ಎಂದು ಅಂಕ ಹಾಕಿ, ಕನಿಷ್ಠ ದಂಡದ ದಾರಿಯನ್ನು ಅದು ಹುಡುಕುತ್ತದೆ; ಹುಡುಕಲು ಬಳಸುವುದು ಡೈಕ್‌ಸ್ಟ್ರಾ ಅವರ ಹೆಸರಿನ ಕಿರುದಾರಿ ವಿಧಾನವನ್ನೇ. ಜೇಮ್ಸ್ ಲಾಂಗ್ 2017ರಲ್ಲಿ ಜಾವಾಸ್ಕ್ರಿಪ್ಟ್‌ಗೆ ಕೊಟ್ಟ ಪ್ರೆಟಿಯರ್, ಫಿಲಿಪ್ ವಾಡ್ಲರ್ ಅವರ ಪ್ರಬಂಧವೊಂದನ್ನು ಆಧರಿಸಿದ್ದು. ಲುಕಾಶ್ ಲಾಂಗಾ 2018ರಲ್ಲಿ ಪೈಥಾನ್‌ಗೆ ತಂದ ಬ್ಲ್ಯಾಕ್ ತನ್ನನ್ನು ರಾಜಿಯಿಲ್ಲದ್ದು ಎಂದೇ ಕರೆದುಕೊಂಡಿತು. ಸಾಲಿನ ಮಿತಿಯನ್ನು ಮಾತ್ರ 80ಕ್ಕೆ ಹತ್ತು ಪರ್ಸೆಂಟ್ ಸೇರಿಸಿ 88 ಮಾಡಿತು. ಶೈಲಿದೋಷ ಎತ್ತಿ ತೋರಿಸುವ ಕೆಲಸ ಹೀಗೆ ಅನಗತ್ಯವಾಗಿ, ಜಾವಾಸ್ಕ್ರಿಪ್ಟ್ ಕೋಡನ್ನು ಪರೀಕ್ಷಿಸುವ ಇಎಸ್‌ಲಿಂಟ್ 2023ರಲ್ಲಿ ತನ್ನ ಸ್ಪೇಸ್-ಬ್ರೇಸ್ ನಿಯಮಗಳನ್ನು ನಿವೃತ್ತಗೊಳಿಸಿತು.

ಹಳೆಯ ಕೋಡನ್ನು ಒಮ್ಮೆಲೇ ಹೊಸ ಶೈಲಿಗೆ ತರುವುದಕ್ಕೆ ತಕ್ಕ ಬೆಲೆಯಿತ್ತು. ಯಾವ ಸಾಲನ್ನು ಯಾರು, ಯಾವಾಗ ಬರೆದರು ಎಂದು ತೋರಿಸುವ, ಆವೃತ್ತಿ ಕಾಯ್ದಿಡುವ ಸಲಕರಣೆ ಗಿಟ್‌ನ ‘ಬ್ಲೇಮ್’ ಆಮೇಲೆ ಎಲ್ಲ ಸಾಲುಗಳಿಗೂ ಫಾರ್ಮ್ಯಾಟರ್ ಓಡಿಸಿದವನ ಹೆಸರನ್ನೇ ಹೇಳುತ್ತದೆ. ಮೊಜಿಲ್ಲಾ 2018ರ ಕೊನೆಯಲ್ಲಿ ಫೈರ್‌ಫಾಕ್ಸ್‌ನ ಸಿ++ ಕೋಡನ್ನೆಲ್ಲ ಹೀಗೆ ಬದಲಿಸಿತು. 2019ರ ಗಿಟ್ 2.23ರಲ್ಲಿ, ಇಂಥ ಬದಲಾವಣೆಗಳನ್ನು ಬ್ಲೇಮ್ ಲೆಕ್ಕಕ್ಕೆ ಹಿಡಿಯದಂತೆ ಪಟ್ಟಿ ಕೊಡುವ ಸೌಲಭ್ಯ ಬಂತು. ಲಿನಕ್ಸ್ ಕರ್ನಲ್ 2020ರ ಮೇ ತಿಂಗಳಲ್ಲಿ ತನ್ನ ಪರೀಕ್ಷಕ ಪ್ರೋಗ್ರಾಂ ಎಚ್ಚರಿಕೆ ಕೊಡುವ ಮಿತಿಯನ್ನು 80ರಿಂದ 100ಕ್ಕೆ ಏರಿಸಿತು. ಇತ್ತ ಟ್ಯಾಬ್ ಪಕ್ಷಕ್ಕೆ ಹೊಸ ಬಲ ಸಿಕ್ಕಿದೆ: ದೃಷ್ಟಿದೋಷವಿರುವವರು ಟ್ಯಾಬಿನ ಅಗಲವನ್ನು ತಮಗೆ ಬೇಕಾದಷ್ಟಕ್ಕೆ ಇಟ್ಟುಕೊಳ್ಳಬಹುದು, ಬ್ರೇಲ್ ಫಲಕದಲ್ಲಿ ಅದು ಒಂದೇ ಮನೆ ಹಿಡಿಯುತ್ತದೆ. ಹಳೆಯ ವಾದಗಳಿಗಿಂತ ಇದು ಎಷ್ಟೋ ತೂಕದ್ದು.

ಕನ್ನಡಕ್ಕೆ ಈ ನಿಯಮಗಳು ಇನ್ನೂ ಹೊಂದಿಕೊಂಡಿಲ್ಲ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ ‘ಬೆಲೆ’ ಎಂದು ಕನ್ನಡದಲ್ಲೇ ಹೆಸರಿಡಬಹುದು. ಆದರೆ ಪದದ ನಡುವೆ ಅಕ್ಷರಗಳು ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆಯನ್ನು ಹೆಸರಿನೊಳಗೆ ಅದು ಬಿಡುವುದಿಲ್ಲ. ಕಾಲಂ ಎಣಿಕೆ ನಿಂತಿರುವುದು ಒಂದೇ ಅಗಲದ ರೋಮನ್ ಅಕ್ಷರಗಳ ಮೇಲೆ. ಕನ್ನಡ ಅಕ್ಷರಗಳ ಅಗಲ ಒಂದೇ ಇಲ್ಲ, ಒತ್ತುಗಳು ಕೆಳಕ್ಕಿಳಿಯುತ್ತವೆ. ಪೈಕೋಡ್‌ಸ್ಟೈಲ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ಹಾಗಾಗಿ ಓದುಗನಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಅದರ ಲೆಕ್ಕದಲ್ಲಿ 6. ಕೋಡ್‌ನಲ್ಲಿ ಕನ್ನಡ ಟಿಪ್ಪಣಿ ಬರೆಯುವ ತಂಡಗಳು 79ರ ಮಿತಿಯನ್ನು ಹಾಗೇ ಎತ್ತಿಕೊಳ್ಳದೆ, ಟಿಪ್ಪಣಿ ಸಾಲುಗಳಿಗೆ ಬೇರೆ ಮಿತಿಯನ್ನು ಶೈಲಿಸೂಚಿಯಲ್ಲೇ ಬರೆದಿಟ್ಟುಕೊಳ್ಳಬೇಕು.